ಹೊಸ ಲೆಕ್ಕಪರಿಶೋಧಕರು ಸದಸ್ಯರ ಆನ್‌ಲೈನ್ ಬಳಗಕ್ಕೆ ಕಾಲಿಡುವಾಗ

ಸಿಎ ಅಂತಿಮ ಪರೀಕ್ಷೆಯ ಫಲಿತಾಂಶ ಬಂದು, ಓಣಿಗೆಲ್ಲ ಪೇಡೆ ಹಂಚಿ ಮುಗಿದ ಮೇಲೆ, ಹುಬ್ಬಳ್ಳಿಯ ನನ್ನ ಕಚೇರಿಗೆ ಪ್ರತಿ ಸಲವೂ ಇಬ್ಬರೋ ಮೂವರೋ ಹೊಸಬರು ಬರುತ್ತಾರೆ. ಆಡಿಟ್ ಹೇಗೆ ಮಾಡುವುದೆಂದು ಅವರು ಕೇಳುವುದಿಲ್ಲ, ಅದನ್ನು ಹಿರಿಯ ಲೆಕ್ಕಪರಿಶೋಧಕರ ಕೈಕೆಳಗಿನ ತರಬೇತಿ, ಅಂದರೆ ಆರ್ಟಿಕಲ್‌ಶಿಪ್, ಕಲಿಸಿರುತ್ತದೆ. ಅವರು ಕೇಳುವುದು ಸಣ್ಣದೆನಿಸುವ ಇನ್ನೊಂದು ಸಂಗತಿ: ಸದಸ್ಯರ ಆನ್‌ಲೈನ್ ಬಳಗಕ್ಕೆ ಸೇರಿಕೊಂಡಿದ್ದೇನೆ, ಅಲ್ಲಿ ನೂರಾರು ಮಂದಿ ಹಿರಿಯರಿದ್ದಾರೆ, ಬಾಯಿ ತೆರೆಯಲು ಅಂಜಿಕೆ, ಏನು ಮಾಡಲಿ? ಹಾಗೆ ಕೇಳಿದವರಿಗೆ ಬಾಯಿಮಾತಿನಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬಳಗವೆಂದರೆ ಇಲ್ಲಿ ಸದಸ್ಯತ್ವ ಸಂಖ್ಯೆ ಇದ್ದವರಿಗಷ್ಟೇ ತೆರೆಯುವ ಕೂಟ. ಅದನ್ನು ನಮ್ಮ ವೃತ್ತಿ ಸಂಸ್ಥೆಯ ಊರಿನ ಶಾಖೆಯವರು ನಡೆಸಬಹುದು, ಅಧ್ಯಯನ ವೃತ್ತದವರು ನಡೆಸಬಹುದು, ಊರಿನ ವೃತ್ತಿ ಸಂಘವೊಂದು ಮೊಬೈಲ್ ಆ್ಯಪಿನಲ್ಲಿ ನಡೆಸಬಹುದು. ಯಾರೇ ನಡೆಸಲಿ, ಅದರ ರೀತಿನೀತಿ ಹೆಚ್ಚುಕಡಿಮೆ ಒಂದೇ.

ಒಳಗೆ ಹೋಗುವ ಮುನ್ನ

ಪರೀಕ್ಷೆ ಪಾಸಾದ ಮಾತ್ರಕ್ಕೆ ಯಾರೂ ಲೆಕ್ಕಪರಿಶೋಧಕರಾಗುವುದಿಲ್ಲ. 1949ರ ಲೆಕ್ಕಪರಿಶೋಧಕರ ಕಾಯಿದೆಯ ಪ್ರಕಾರ ಆ ವರ್ಷದ ಜುಲೈ 1ರಂದು ಅಸ್ತಿತ್ವಕ್ಕೆ ಬಂದ ನಮ್ಮ ಸಂಸ್ಥೆ, ಅಂದರೆ ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆ (ಐಸಿಎಐ), ತನ್ನ ರಿಜಿಸ್ಟರಿನಲ್ಲಿ ಹೆಸರು ಸೇರಿಸಿಕೊಂಡು ಸದಸ್ಯತ್ವ ಸಂಖ್ಯೆ ಕೊಟ್ಟ ಮೇಲೆಯೇ ಹೆಸರಿನ ಮುಂದೆ ಸಿಎ ಎಂದು ಬರೆದುಕೊಳ್ಳುವ ಹಕ್ಕು ಬರುತ್ತದೆ. ಆದ್ದರಿಂದ ಅರ್ಜಿ ಇನ್ನೂ ನಡೆಯುತ್ತಿರುವಾಗಲೇ ಪರಿಚಯದ ಪುಟದಲ್ಲಿ ಆ ಎರಡು ಅಕ್ಷರಗಳನ್ನು ಹಾಕಿಕೊಳ್ಳುವ ಅವಸರ ಬೇಡ.

ಸಂಖ್ಯೆ ಬಂದ ದಿನ ಮಾಡಬೇಕಾದ ಕೆಲಸ ಒಂದೇ: ಸದಸ್ಯರು ತಮ್ಮ ವಿವರಗಳನ್ನು ತಾವೇ ನೋಡಿಕೊಳ್ಳುವ ಸಂಸ್ಥೆಯ ಸೆಲ್ಫ್ ಸರ್ವಿಸ್ ಪೋರ್ಟಲಿನಲ್ಲಿ ಇರುವ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ನಿಮ್ಮವೇ ಎಂದು ಖಾತ್ರಿ ಮಾಡಿಕೊಳ್ಳಿ. ವಿದ್ಯಾರ್ಥಿಯಾಗಿ ನೋಂದಣಿ ಮಾಡಿಸುವಾಗ ಅಪ್ಪನ ನಂಬರನ್ನೋ, ಊರಿನ ಇಂಟರ್‌ನೆಟ್ ಅಂಗಡಿಯವರು ಆಗಲೇ ತೆರೆದುಕೊಟ್ಟ ಇಮೇಲನ್ನೋ ಕೊಟ್ಟವರು ಬಹಳ ಮಂದಿ. ಆ ಇಮೇಲಿನ ಪಾಸ್‌ವರ್ಡ್ ಈಗ ಯಾರಿಗೂ ನೆನಪಿರುವುದಿಲ್ಲ. ಓಟಿಪಿಗಳು ಬರುವುದು ಅಲ್ಲಿಗೇ, ಬಳಗದವರು ಸದಸ್ಯತ್ವವನ್ನು ತಾಳೆ ನೋಡುವುದೂ ಅದರಿಂದಲೇ. ಸದಸ್ಯತ್ವದ ಪಾಸ್‌ವರ್ಡನ್ನು ಕಚೇರಿಯ ಆರ್ಟಿಕಲ್ ಹುಡುಗರಿಗೆ ಕೊಡುವ ರೂಢಿ ನಮ್ಮಲ್ಲಿ ಇದೆ, ಅದು ಬೇಡವೇ ಬೇಡ. ನೀವು ಸಹಿ ಹಾಕುವ ಪ್ರತಿ ಪ್ರಮಾಣಪತ್ರಕ್ಕೂ ಆಡಿಟ್ ವರದಿಗೂ 18 ಅಕ್ಷರ ಮತ್ತು ಅಂಕಿಗಳ ಯುಡಿಐಎನ್, ಅಂದರೆ ಆ ದಾಖಲೆಯ ವಿಶಿಷ್ಟ ಗುರುತಿನ ಸಂಖ್ಯೆ, ಹುಟ್ಟುವುದು ನಿಮ್ಮ ಸದಸ್ಯತ್ವ ಸಂಖ್ಯೆಯ ಮೇಲೆ. ಅದರ ಕೀಲಿಕೈ ಇನ್ನೊಬ್ಬರ ಕಿಸೆಯಲ್ಲಿ ಇರಬಾರದು.

ಪರಿಚಯದ ಪುಟದಲ್ಲಿ ಹೆಸರು, ಊರು, ಸದಸ್ಯತ್ವ ಸಂಖ್ಯೆ, ಸ್ವಂತ ವೃತ್ತಿಯೋ ನೌಕರಿಯೋ ಎಂಬ ಮಾಹಿತಿ ಇದ್ದರೆ ಸಾಕು. ‘ಜಿಎಸ್‌ಟಿ ತಜ್ಞ’, ‘ತೆರಿಗೆ ಸಲಹೆಗಾರ’ ಎಂಬ ಬಿರುದುಗಳನ್ನು ಸೇರಿಸಬೇಡಿ. ವೃತ್ತಿ ನಡೆಸುವ ಸದಸ್ಯರು ವಿಸಿಟಿಂಗ್ ಕಾರ್ಡಿನಂಥ ವೃತ್ತಿಸಂಬಂಧಿ ಕಾಗದಗಳಲ್ಲಿ ಲೆಕ್ಕಪರಿಶೋಧಕ ಎಂಬುದರ ಹೊರತಾಗಿ ಇಂಥ ಪದವಿನಾಮ ಬಳಸುವುದನ್ನು ಕಾಯಿದೆಯ ಮೊದಲ ಅನುಸೂಚಿಯ ಮೊದಲ ಭಾಗದ 7ನೆಯ ಕಲಂ ತಡೆಯುತ್ತದೆ. ಪರದೆಯ ಮೇಲಿನ ಪರಿಚಯಕ್ಕೂ ಅದೇ ಅಳತೆ ಇಟ್ಟುಕೊಂಡವರಿಗೆ ಮುಂದೆ ತೊಂದರೆ ಇರುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಕಚೇರಿಯ ಹಳೆಯ ಪತ್ರಗಳು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇದ್ದರೆ, ಅಲ್ಲಿಂದ ನಕಲು ಮಾಡಿ ಬಳಗದಲ್ಲಿ ಅಂಟಿಸಿದಾಗ ಅಕ್ಷರಗಳೆಲ್ಲ ಚಿತ್ರವಿಚಿತ್ರ ಗುರುತುಗಳಾಗಿ ಕಾಣುತ್ತವೆ. ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು. ಕನ್ನಡದಲ್ಲಿ ಕೇಳಿದರೆ ಕೀಳಾಗಿ ಕಾಣುತ್ತಾರೆಂಬ ಅಳುಕು ಬೇಡ. ಗದಗ, ರಾಣೆಬೆನ್ನೂರು, ಹಾವೇರಿಗಳಲ್ಲಿ ಮೂವತ್ತು ವರ್ಷ ಕಿರ್ದಿ ಖಾತೆ ನೋಡಿದ ಹಿರಿಯರು ಇಂಗ್ಲಿಷ್ ಪ್ರಶ್ನೆಗೆ ಒಂದು ಸಾಲು ಬರೆದರೆ ಕನ್ನಡದ ಪ್ರಶ್ನೆಗೆ ಒಂದು ಪುಟ ಬರೆಯುವುದನ್ನು ನಾನು ಕಂಡಿದ್ದೇನೆ.

ಮೊದಲ ತಿಂಗಳು ಓದುವುದಕ್ಕೆ

ಸೇರಿದ ದಿನ ಎರಡು ಸಾಲಿನ ಪರಿಚಯ ಬರೆದು, ಒಂದು ತಿಂಗಳು ಸುಮ್ಮನೆ ಓದಿರಿ. ಯಾರು ಯಾವ ವಿಷಯದಲ್ಲಿ ಗಟ್ಟಿ, ಯಾರು ಕಲಂ ಸಂಖ್ಯೆ ಸಮೇತ ಉತ್ತರಿಸುತ್ತಾರೆ, ಯಾರು ಓದದೆಯೇ ಉತ್ತರಿಸುತ್ತಾರೆ ಎಂಬುದು ಆ ಅವಧಿಯಲ್ಲಿ ತಿಳಿಯುತ್ತದೆ. ಪ್ರತಿ ಸಂದೇಶಕ್ಕೂ ಮೊಬೈಲ್ ಕಿಣಿಕಿಣಿ ಎನ್ನುವ ಹಾಗೆ ಬಿಡದೆ, ದಿನಕ್ಕೊಮ್ಮೆ ಸಾರಾಂಶ ಬರುವ ಏರ್ಪಾಡಿದ್ದರೆ ಅದನ್ನೇ ಆರಿಸಿಕೊಳ್ಳಿ. ಸಭೆ, ಉಪನ್ಯಾಸಗಳ ಸೂಚನೆಗಳನ್ನು ಮಾತ್ರ ಬೇರೆ ಇರಿಸಿಕೊಳ್ಳಿ, ಏಕೆಂದರೆ ಸಿಪಿಇ ಗಂಟೆಗಳ, ಅಂದರೆ ಸದಸ್ಯರಾದ ಮೇಲೂ ಮುಂದುವರಿಸಬೇಕಾದ ವೃತ್ತಿ ಕಲಿಕೆಯ ಗಂಟೆಗಳ, ಲೆಕ್ಕ ಅವುಗಳ ಮೇಲೆ ನಿಂತಿದೆ. 2023–25ರ ಅವಧಿಯಲ್ಲಿ ವೃತ್ತಿ ನಡೆಸುವ, 60 ವರ್ಷ ತುಂಬದ ಸದಸ್ಯರು ಮೂರು ವರ್ಷಕ್ಕೆ 120 ಗಂಟೆ ಪೂರೈಸಬೇಕಿತ್ತು. ಆನ್‌ಲೈನ್ ಉಪನ್ಯಾಸಕ್ಕೆ ಸೇರುವಾಗ ಹೆಸರಿನ ಜೊತೆ ಸದಸ್ಯತ್ವ ಸಂಖ್ಯೆ ಹಾಕದೆ, ‘ರೆಡ್ಮಿ’ ಎಂಬ ಹೆಸರಿನಲ್ಲಿ ಎರಡು ಗಂಟೆ ಕುಳಿತು ಎದ್ದರೆ ಆ ಹಾಜರಿಯನ್ನು ಯಾರ ಖಾತೆಗೆ ಬರೆಯಬೇಕು?

ಹಳೆಯ ಸಂದೇಶಗಳನ್ನು ಹುಡುಕಿ ಓದುವುದು ಬಳಗದ ದೊಡ್ಡ ಪ್ರಯೋಜನ, ಅಪಾಯ ಇರುವುದೂ ಅಲ್ಲೇ. ನೀವು ಕೇಳಬೇಕೆಂದಿರುವ ಪ್ರಶ್ನೆಯನ್ನು ಯಾರೋ ಮೊದಲೇ ಕೇಳಿರುತ್ತಾರೆ, ಉತ್ತರವೂ ಸೊಗಸಾಗಿರುತ್ತದೆ, ಆದರೆ ಅದು ಅಂದಿನ ಕಾನೂನಿನ ಉತ್ತರ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾಗಿ, ಶೇಕಡಾ 12 ಮತ್ತು 28ರ ಹಂತಗಳಲ್ಲಿದ್ದ ಹೆಚ್ಚಿನ ಸರಕುಗಳು 5ಕ್ಕೋ 18ಕ್ಕೋ ಹೋದವು. 1961ರ ಆದಾಯ ತೆರಿಗೆ ಕಾಯಿದೆಯ ಜಾಗಕ್ಕೆ 2025ರ ಕಾಯಿದೆ ಬರುವ ದಿನ 2026ರ ಏಪ್ರಿಲ್ 1 ಆಗಿರುವುದರಿಂದ, ನಾವು ಬಾಯಿಪಾಠ ಮಾಡಿಕೊಂಡಿದ್ದ ಕಲಂ ಸಂಖ್ಯೆಗಳೂ ಹಳತಾದವು. ಆದ್ದರಿಂದ ಹಳೆಯ ಉತ್ತರ ಸಿಕ್ಕ ಕೂಡಲೇ ಮೊದಲು ಅದರ ತಾರೀಖು ನೋಡಿ, ಆಮೇಲೆ ಅದು ಯಾವ ಆರ್ಥಿಕ ವರ್ಷದ ಮಾತೆಂದು ನೋಡಿ, ಕೊನೆಗೆ ಉತ್ತರ ಓದಿ.

ಪ್ರಶ್ನೆ ಕೇಳುವ ಬಗೆ

ಬಳಗದಲ್ಲಿ ನಿಮ್ಮ ಹೆಸರು ನಿಲ್ಲುವುದು ನೀವು ಕೊಡುವ ಉತ್ತರದಿಂದಲ್ಲ, ಕೇಳುವ ಪ್ರಶ್ನೆಯಿಂದ. ಇದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ.

ಬ್ಯಾಡಗಿಯ ಎಪಿಎಂಸಿಯಲ್ಲಿ ಅಡತಿ ಅಂಗಡಿ ಇಟ್ಟ ಒಬ್ಬ ಕಕ್ಷಿದಾರ ನಿಮ್ಮಲ್ಲಿಗೆ ಬಂದರೆಂದು ಇಟ್ಟುಕೊಳ್ಳಿ. ಹೊಸಬರು ಸಾಮಾನ್ಯವಾಗಿ ಬಳಗದಲ್ಲಿ ಬರೆಯುವುದು ಹೀಗೆ: “ಒಣಮೆಣಸಿನಕಾಯಿ ದಲಾಲರಿಗೆ ಜಿಎಸ್‌ಟಿ ನೋಂದಣಿ ಬೇಕೇ? ಅರ್ಜೆಂಟ್.” ಇದಕ್ಕೆ ಹತ್ತು ನಿಮಿಷದಲ್ಲಿ ಆರು ಉತ್ತರ ಬರುತ್ತವೆ, ಮೂರು ‘ಬೇಕು’, ಮೂರು ‘ಬೇಡ’. ಆರೂ ಮಂದಿ ತಮ್ಮ ತಮ್ಮ ಕಕ್ಷಿದಾರರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೇಳಿರುತ್ತಾರೆ, ಆರೂ ಅವರವರ ಮಟ್ಟಿಗೆ ಸರಿಯಾಗಿರುತ್ತವೆ. ಕೇಳಿದವರಿಗೆ ಮಾತ್ರ ಏನೂ ದಕ್ಕುವುದಿಲ್ಲ.

ಈ ವಿಷಯದಲ್ಲಿ 2018ರ ಸೆಪ್ಟೆಂಬರ್ 4ರಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಹೊರಡಿಸಿದ 57ನೆಯ ಸುತ್ತೋಲೆ ಇದೆ. ಮಾಲೀಕ ಮತ್ತು ಏಜೆಂಟ್ ಸಂಬಂಧ ಕೇಂದ್ರ ಜಿಎಸ್‌ಟಿ ಕಾಯಿದೆಯ ಅನುಸೂಚಿ 1ರೊಳಗೆ (ಹಣ ಪಡೆಯದಿದ್ದರೂ ಪೂರೈಕೆಯೆಂದೇ ಎಣಿಸುವ ವ್ಯವಹಾರಗಳ ಪಟ್ಟಿ) ಬರುತ್ತದೆಯೋ ಇಲ್ಲವೋ ಎಂದು ನಿರ್ಧರಿಸಲು ಅದು ಇಟ್ಟಿರುವ ಒರೆಗಲ್ಲು ಮುಖ್ಯವಾಗಿ ಒಂದೇ: ಮಾಲು ಮುಂದಕ್ಕೆ ಮಾರಾಟವಾಗುವಾಗ ಬಿಲ್ಲು ಯಾರ ಹೆಸರಿನಲ್ಲಿ ಹೋಗುತ್ತದೆ? ಏಜೆಂಟರು ತಮ್ಮ ಹೆಸರಿನಲ್ಲೇ ಬಿಲ್ಲು ಕೊಟ್ಟರೆ ಒಂದು ದಾರಿ, ಮಾಲೀಕರ ಹೆಸರಿನಲ್ಲಿ ಕೊಟ್ಟು ತಾವು ಬರಿಯ ಕಮಿಷನ್ ಪಡೆದರೆ ಇನ್ನೊಂದು ದಾರಿ. ಅಂದ ಮೇಲೆ ಪ್ರಶ್ನೆಯಲ್ಲಿ ಇರಲೇಬೇಕಾದ ಸಂಗತಿ ಯಾವುದೆಂದು ಗೊತ್ತಾಯಿತು, ಮೇಲಿನ ಪ್ರಶ್ನೆಯಲ್ಲಿ ಇಲ್ಲದಿರುವುದೂ ಅದೇ.

ಅದನ್ನೇ ಹೀಗೆ ಬರೆದು ನೋಡಿ: “ಕಕ್ಷಿದಾರರು ಎಪಿಎಂಸಿಯಲ್ಲಿ ದಲಾಲರು. ರೈತರು ತಂದ ಒಣಮೆಣಸಿನಕಾಯಿಯನ್ನು ಟೆಂಡರಿನಲ್ಲಿ ಮಾರಿಸುತ್ತಾರೆ. ಖರೀದಿದಾರರಿಗೆ ಹೋಗುವ ಬಿಲ್ಲು ಕಕ್ಷಿದಾರರ ಹೆಸರಿನಲ್ಲಿದೆ, ರೈತರಿಗೆ ಪಟ್ಟಿ ಬೇರೆ ಕೊಡುತ್ತಾರೆ, ಕಮಿಷನ್ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣುತ್ತದೆ. ಬೇರೆ ವ್ಯಾಪಾರವಿಲ್ಲ. 2018ರ 57ನೆಯ ಸುತ್ತೋಲೆ ಓದಿದ್ದೇನೆ. ಬಿಲ್ಲು ಅವರ ಹೆಸರಿನಲ್ಲಿ ಇರುವುದರಿಂದ ಅವರು ಅನುಸೂಚಿ 1ರ ಏಜೆಂಟರಾಗುತ್ತಾರೆಂದು ನನಗೆ ತೋರುತ್ತದೆ. ನನ್ನ ಸಂದೇಹ ಮುಂದಿನದು: ಒಣಗಿಸಿದ ಮೇಲೆಯೂ ಇದನ್ನು ಕೃಷಿ ಉತ್ಪನ್ನವೆಂದು ಹಿಡಿದು ಕಮಿಷನ್ನಿಗೆ ವಿನಾಯಿತಿ ಕೇಳಬಹುದೇ?”

ಇಂಥ ಪ್ರಶ್ನೆಗೆ ಉತ್ತರ ಹತ್ತು ನಿಮಿಷದಲ್ಲಿ ಬರದಿರಬಹುದು. ಆದರೆ ಬರುವ ಉತ್ತರ ಆ ಕೊನೆಯ ಸಾಲಿಗೇ ನೇರವಾಗಿ ಬರುತ್ತದೆ, ಮತ್ತು ಬರೆಯುವವರು ಬಲ್ಲವರೇ ಆಗಿರುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಪ್ರಶ್ನೆಯನ್ನು ಹೀಗೆ ಬರೆಯಲು ಕುಳಿತಾಗ ಬಿಲ್ಲು ಯಾರ ಹೆಸರಿನಲ್ಲಿದೆ ಎಂದು ನೀವೇ ಕಕ್ಷಿದಾರರಿಗೆ ಫೋನು ಮಾಡಬೇಕಾಗುತ್ತದೆ. ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ. (ಬ್ಯಾಡಗಿಯವರಿಗಾದರೆ ಸೋಮವಾರ ಮತ್ತು ಗುರುವಾರ ಫೋನು ಮಾಡಬೇಡಿ. ಪೇಟೆಯ ದಿನ ಅಂಗಡಿಯ ಗುಮಾಸ್ತರೂ ಎತ್ತುವುದಿಲ್ಲ.)

‘ಅರ್ಜೆಂಟ್’ ಎಂಬ ಪದವನ್ನು ಬಿಟ್ಟುಬಿಡಿ. ನೋಟಿಸಿಗೆ ಉತ್ತರಿಸುವ ಕೊನೆಯ ದಿನವಿದ್ದರೆ ಆ ದಿನಾಂಕವನ್ನೇ ಬರೆಯಿರಿ, ಓದುವವರು ಅರ್ಥ ಮಾಡಿಕೊಳ್ಳುತ್ತಾರೆ. ಪ್ರತಿ ತಿಂಗಳ 11 ಮತ್ತು 20ರಂದು, ಜಿಎಸ್‌ಟಿ ರಿಟರ್ನ್‌ಗಳ ಗಡುವಿನ ಸಂಜೆ, ತಾತ್ತ್ವಿಕ ಪ್ರಶ್ನೆ ಕೇಳಲೂ ಬೇಡಿ. ಆ ಹೊತ್ತಿಗೆ ಎಲ್ಲರ ಪ್ರಶ್ನೆ ಒಂದೇ: ಪೋರ್ಟಲ್ ನಿಮಗೂ ತೆರೆಯುತ್ತಿಲ್ಲವೇ? ಅದನ್ನು ಕೇಳಬಾರದೆಂದಲ್ಲ. ಕೇಳುವುದಾದರೆ ದೋಷದ ಸಂದೇಶ, ದಿನಾಂಕ ಮತ್ತು ವೇಳೆ ಮೂರೂ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ವಿಳಂಬ ಶುಲ್ಕದ ವಿರುದ್ಧ ಮುಂದೆ ಶಾಖೆಯವರು ಮನವಿ ಕೊಡುವಾಗ ಅಂಥ ಚಿತ್ರಗಳೇ ಆಧಾರವಾಗುತ್ತವೆ.

ಕಕ್ಷಿದಾರರ ಗುಟ್ಟು

ಈ ಭಾಗವನ್ನು ದಯವಿಟ್ಟು ಅವಸರದಲ್ಲಿ ಓದಬೇಡಿ, ಏಕೆಂದರೆ ಇಲ್ಲಿ ನಾನೇ ಎಡವಿದ್ದೇನೆ. ಜಿಎಸ್‌ಟಿ ಜಾರಿಗೆ ಬಂದ ಮರುವರ್ಷ, 2018ರಲ್ಲಿ, ಗದಗ-ಬೆಟಗೇರಿಯ ಸೀರೆ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸಿನ ಅರ್ಥ ನನಗೆ ಆಗಲಿಲ್ಲ. ಫೋಟೋ ತೆಗೆದು, ಅಂಗಡಿಯ ಹೆಸರು ಮತ್ತು ವಿಳಾಸದ ಮೇಲೆ ಕಪ್ಪು ಗೆರೆ ಎಳೆದು, ಬಳಗಕ್ಕೆ ಹಾಕಿದೆ. ಐದು ನಿಮಿಷದಲ್ಲಿ ಹಾವೇರಿಯ ಹಿರಿಯರೊಬ್ಬರ ಫೋನು ಬಂತು. “ತಮ್ಮಾ, ಹೆಸರ ಅಳಿಸೀದಿ ಖರೆ, ನಂಬರ ಹಂಗ ಬಿಟ್ಟೀಯಲ್ಲೋ.”

ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಅಕ್ಷರ ಕಕ್ಷಿದಾರರ ಪ್ಯಾನ್. ಪೂರ್ತಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲಿನ ಹುಡುಕಾಟದಲ್ಲಿ ಹಾಕಿದರೆ ಲಾಗಿನ್ ಇಲ್ಲದೆಯೇ ಯಾರಿಗಾದರೂ ಹೆಸರು ಕಾಣುತ್ತದೆ. ನಾನು ಕಪ್ಪು ಮಾಡಿದ್ದು ಹೆಸರನ್ನು, ಬಿಟ್ಟದ್ದು ಹೆಸರಿನ ಕೀಲಿಯನ್ನು. ಕೂಡಲೇ ಫೋಟೋ ಅಳಿಸಿದೆ, ಆದರೆ ಅಷ್ಟರಲ್ಲಿ ಎಷ್ಟು ಮಂದಿ ನೋಡಿದ್ದರೆಂದು ತಿಳಿಯುವ ದಾರಿ ಇರಲಿಲ್ಲ. ಮರುದಿನ ಗದಗಿಗೆ ಹೋಗಿ ಆ ವ್ಯಾಪಾರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ. ಚಹಾ ತರಿಸಿದರು. “ಯಾರ್ಯಾರು ನೋಡ್ಯಾರ್ರೀ?” ಎಂದು ಮಾತ್ರ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಕಕ್ಷಿದಾರರ ಒಪ್ಪಿಗೆಯಿಲ್ಲದೆ, ಕಾನೂನಿನ ಅಗತ್ಯವೂ ಇಲ್ಲದೆ, ಕೆಲಸದಲ್ಲಿ ತಿಳಿದ ವಿಷಯವನ್ನು ಇನ್ನೊಬ್ಬರಿಗೆ ತಿಳಿಸುವುದು ಎರಡನೆಯ ಅನುಸೂಚಿಯ ಮೊದಲ ಭಾಗದ 1ನೆಯ ಕಲಮಿನ ಪ್ರಕಾರ ವೃತ್ತಿ ದುರ್ನಡತೆ. ಬಳಗದಲ್ಲಿರುವವರೆಲ್ಲ ನಮ್ಮವರೇ ಎಂಬ ವಿನಾಯಿತಿ ಆ ಕಲಮಿನಲ್ಲಿ ಇಲ್ಲ. ಹೀಗಾಗಿ ನೋಟಿಸಿನ ಫೋಟೋವನ್ನು ಹಾಕುವುದಕ್ಕೇ ಹೋಗಬೇಡಿ. ಬೇಕಾದ ಪ್ಯಾರಾವನ್ನಷ್ಟೇ ಟೈಪು ಮಾಡಿ. ಫೋಟೋ ಇಲ್ಲದೆ ಆಗುವುದೇ ಇಲ್ಲವೆಂದರೆ ಪ್ಯಾನ್, ಜಿಎಸ್‌ಟಿ ಸಂಖ್ಯೆ, ನೋಟಿಸಿನ ಉಲ್ಲೇಖ ಸಂಖ್ಯೆ, ಡಿಐಎನ್ (ಇಲಾಖೆ ನೋಟಿಸಿಗೆ ಕೊಡುವ ಗುರುತಿನ ಸಂಖ್ಯೆ), ಕ್ಯೂಆರ್ ಕೋಡ್, ಅಧಿಕಾರಿಯ ಹೆಸರು, ಕೊನೆಯ ರೂಪಾಯಿಯವರೆಗಿನ ಮೊತ್ತ ಎಲ್ಲವನ್ನೂ ಕತ್ತರಿಸಿ ತೆಗೆಯಿರಿ. ಮೊಬೈಲಿನ ಹೈಲೈಟರ್ ಪೆನ್ನಿನಿಂದ ಎಳೆದ ಗೆರೆಯ ಅಡಿಯ ಅಕ್ಷರಗಳು ಬೆಳಕು ಹೆಚ್ಚಿಸಿದರೆ ಕಾಣುತ್ತವೆ ಎಂಬುದೂ ನೆನಪಿರಲಿ.

ನಮ್ಮ ಭಾಗದ ಊರುಗಳಿಗೆ ಇನ್ನೊಂದು ಎಚ್ಚರ ಬೇಕು. ಬೆಂಗಳೂರಿನಲ್ಲಿ ‘ಒಂದು ಶೀತಲಗೃಹದ ಮಾಲೀಕರು’ ಎಂದರೆ ಯಾರೂ ಆಗಿರಬಹುದು. ಇಲ್ಲಿ ‘ಶೀತಲಗೃಹ ಇದೆ, ಅಣ್ಣತಮ್ಮಂದಿರು ಹೋದ ವರ್ಷ ಪಾಲಾಗಿದ್ದಾರೆ, ಜಿನ್ನಿಂಗ್ ಮಿಲ್ಲು ಹಿರಿಯರ ಪಾಲಿಗೆ ಹೋಯಿತು’ ಎಂದು ಬರೆದರೆ ಹೆಸರು ಬರೆದಂತೆಯೇ ಸೈ. ತೆರಿಗೆಯ ಪ್ರಶ್ನೆಗೆ ಬೇಡವಾದ ವಿವರಗಳನ್ನು ತೆಗೆಯಿರಿ, ಬೇಕಾದವುಗಳಲ್ಲಿಯೂ ಊರನ್ನು ‘ಜಿಲ್ಲೆಯ ಒಂದು ತಾಲೂಕು’ ಎಂದು ಮಾಡಿ, ಮೊತ್ತವನ್ನು ಹತ್ತಿರದ ಲಕ್ಷಕ್ಕೆ ಇಳಿಸಿ ಬರೆಯಿರಿ.

ಉತ್ತರಿಸುವುದು, ಮತ್ತು ಕೆಲಸ ಕೇಳದಿರುವುದು

ಆರು ತಿಂಗಳಾದ ಮೇಲೆ ನೀವೂ ಉತ್ತರಿಸಲು ತೊಡಗುತ್ತೀರಿ. ಗೊತ್ತಿದ್ದಷ್ಟನ್ನು ಆಧಾರ ಸಹಿತ ಹೇಳಿ. ಆಧಾರ ನೆನಪಿಲ್ಲದಿದ್ದರೆ ‘ನಾವು ಹೀಗೆ ಮಾಡಿದ್ದೆವು, ಅಧಿಕಾರಿಗಳು ಒಪ್ಪಿದರು’ ಎಂದಷ್ಟೇ ಹೇಳಿ, ಅನುಭವಕ್ಕೂ ಬೆಲೆಯಿದೆ. ಆದರೆ ಅನುಭವವನ್ನು ಕಾನೂನೆಂದು ಹೇಳಬೇಡಿ.

ಪ್ರಶ್ನೆ ಕೇಳಿದವರು ನಿಮ್ಮ ಊರಿನ ಸದಸ್ಯರೇ ಆಗಿರಲಿ, ಬೇರೆ ಊರಿನವರೇ ಆಗಿರಲಿ, ‘ಇಂಥ ಕೆಲಸ ನಮ್ಮಲ್ಲಿ ಮಾಡಿಕೊಡುತ್ತೇವೆ, ಸಂಪರ್ಕಿಸಿ’ ಎಂದು ಬರೆಯುವ ಹಾಗಿಲ್ಲ. ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಕೆಲಸ ಕೇಳುವುದನ್ನು ಮೊದಲ ಅನುಸೂಚಿಯ ಮೊದಲ ಭಾಗದ 6ನೆಯ ಕಲಂ ನಿಷೇಧಿಸುತ್ತದೆ. ಉಪನ್ಯಾಸದ ವರದಿಯ ಕೆಳಗೆ ಕಚೇರಿಯ ಲೋಗೋ ಸೇರಿಸುವುದು, ಬಜೆಟ್ ಸಾರಾಂಶವನ್ನು ವ್ಯಾಪಾರಿಗಳ ಗುಂಪುಗಳಿಗೆ ಫಾರ್ವರ್ಡ್ ಮಾಡಿ ಕೊನೆಯಲ್ಲಿ ಫೋನ್ ನಂಬರ್ ಕೊಡುವುದು ಇವೆಲ್ಲ ಆ ಗೆರೆಯ ಹತ್ತಿರ ಹತ್ತಿರವೇ ನಡೆಯುವ ಆಟಗಳು. ಹಿರಿಯರಲ್ಲಿಯೂ ಕೆಲವರು ಹೀಗೆ ಮಾಡುತ್ತಾರೆ. ಅವರನ್ನು ನೋಡಿ ಕಲಿಯಬೇಕಾದದ್ದು ಬೇರೆ ಬಹಳ ಇದೆ, ಇದನ್ನು ಮಾತ್ರ ಬಿಡಿ.

ಇದರ ಜೊತೆಗೇ ಬರುವ ಒಂದು ತಪ್ಪು ತಿಳಿವಳಿಕೆಯನ್ನು ಹೇಳಬೇಕು. ಬೇರೊಬ್ಬ ಲೆಕ್ಕಪರಿಶೋಧಕರು ನೋಡುತ್ತಿದ್ದ ಆಡಿಟ್ ನಿಮಗೆ ಬಂದರೆ, ಒಪ್ಪಿಕೊಳ್ಳುವ ಮೊದಲು ಅವರಿಗೆ ಲಿಖಿತವಾಗಿ ತಿಳಿಸಬೇಕೆಂದು ಅದೇ ಭಾಗದ 8ನೆಯ ಕಲಂ ಹೇಳುತ್ತದೆ. ‘ಬಳಗದಲ್ಲಿ ಮೆಸೇಜ್ ಹಾಕಿದ್ದೆನಲ್ಲ, ನೀಲಿ ಗೆರೆ ಬಂದಿತ್ತಲ್ಲ’ ಎಂಬ ವಾದವನ್ನು ನೆಚ್ಚಿಕೊಂಡು ಕೂರಬೇಡಿ. ತಲುಪಿದ್ದಕ್ಕೆ ಸ್ವೀಕೃತಿ ಸಿಗುವ ಅಂಚೆಯಲ್ಲಿ ಕಳಿಸಿ, ಚೀಟಿಯನ್ನು ಕಡತದಲ್ಲಿ ಇಡಿ.

ಕೇಳಿದವರು ತಿರುಗಿ ಬಂದು ಹೇಳುವುದು

ಬಳಗಗಳಲ್ಲಿ ನನಗಿರುವ ದೊಡ್ಡ ತಕರಾರು ಇದು: ಪ್ರಶ್ನೆ ಇರುತ್ತದೆ, ಉತ್ತರಗಳಿರುತ್ತವೆ, ಕಡೆಗೆ ಏನಾಯಿತೆಂಬುದು ಇರುವುದಿಲ್ಲ. ಉತ್ತರ ಸಿಕ್ಕವರು ಕೈಮುಗಿದ ಚಿತ್ರ ಹಾಕಿ ಹೊರಟುಬಿಡುತ್ತಾರೆ. ಮೇಲಿನ ಮೆಣಸಿನಕಾಯಿಯ ಪ್ರಶ್ನೆ ಕೇಳಿದವರು ನೀವಾದರೆ, ಕೆಲಸ ಮುಗಿದ ಮೇಲೆ ಅದೇ ಪ್ರಶ್ನೆಯ ಕೆಳಗೆ ನಾಲ್ಕು ಸಾಲು ಬರೆಯಿರಿ: ಯಾವ ಉತ್ತರ ಹಿಡಿದಿರಿ, ಅಧಿಕಾರಿಗಳು ಏನು ಕೇಳಿದರು, ಯಾವ ಕಾಗದ ಕೆಲಸಕ್ಕೆ ಬಂತು, ಯಾವ ತಿಂಗಳಲ್ಲಿ ಮುಗಿಯಿತು. ಎರಡು ವರ್ಷ ಬಿಟ್ಟು ರೋಣದ ಒಬ್ಬ ಹೊಸಬರು ರಾತ್ರಿ ಹತ್ತಕ್ಕೆ ಹುಡುಕುವಾಗ ಅವರಿಗೆ ದಾರಿ ತೋರಿಸುವುದು ಆ ನಾಲ್ಕು ಸಾಲೇ. ನಿಮ್ಮ ಮುಂದಿನ ಪ್ರಶ್ನೆಗೆ ಹಿರಿಯರು ಮನಸ್ಸಿಟ್ಟು ಉತ್ತರಿಸುವುದೂ ಅದೇ ಕಾರಣಕ್ಕೆ.

ಶಾಖೆಯ ಸಭೆಗಳಿಗೂ ಹೋಗಿ ಬನ್ನಿ. ಪರದೆಯ ಮೇಲೆ ಮೂರು ಸಲ ಉತ್ತರಿಸಿದ ಹಿರಿಯರನ್ನು ಊಟದ ಸಾಲಿನಲ್ಲಿ ಕಂಡು ಹೆಸರು ಹೇಳಿ ನಮಸ್ಕರಿಸಿದರೆ, ನಾಲ್ಕನೆಯ ಪ್ರಶ್ನೆಗೆ ಅವರೇ ಫೋನು ಮಾಡುತ್ತಾರೆ.

ಕೊನೆಯದಾಗಿ ಶುಲ್ಕದ ಮಾತು. ಸಂಸ್ಥೆಯ ವಾರ್ಷಿಕ ಶುಲ್ಕ ಏಪ್ರಿಲ್ 1ಕ್ಕೆ ಬಾಕಿಯಾಗುತ್ತದೆ, ಕಟ್ಟಲು ಸೆಪ್ಟೆಂಬರ್ 30ರವರೆಗೆ ಅವಕಾಶ. ತೆರಿಗೆ ಆಡಿಟ್ ವರದಿಗಳ ಗಡುವೂ ಅದೇ ಸೆಪ್ಟೆಂಬರ್ 30. ಆ ರಾತ್ರಿ ಹನ್ನೊಂದಕ್ಕೆ ಕಕ್ಷಿದಾರರ ವರದಿಗಳನ್ನೆಲ್ಲ ಏರಿಸಿ ತಮ್ಮದೇ ಶುಲ್ಕ ಮರೆತವರು ಪ್ರತಿ ವರ್ಷ ಇರುತ್ತಾರೆ. ಶುಲ್ಕ ಕಟ್ಟದೆ ಹೆಸರು ರಿಜಿಸ್ಟರಿನಿಂದ ಹೋದರೆ ಬಳಗದ ಬಾಗಿಲಿನ ಜೊತೆಗೆ ಸಹಿಯ ಅಧಿಕಾರವೂ ಹೋಗುತ್ತದೆ. ಯುಗಾದಿಯ ಬೇವುಬೆಲ್ಲ ಮುಗಿದ ವಾರದಲ್ಲೇ ಕಟ್ಟಿ, ರಸೀದಿಯನ್ನು ಇಮೇಲಿನಲ್ಲಿ ಒಂದು ಕಡೆ ಇರಿಸಿಕೊಳ್ಳಿ.